ಬಾಣಂತನಕ್ಕಲ್ಲದೆ ವಿಮಾನ ಹತ್ತಿದವರು

ನಮ್ಮ ಕಡೆಯ ಅರವತ್ತು ದಾಟಿದ ಗಂಡ ಹೆಂಡತಿ ಒಟ್ಟಿಗೆ ಪರದೇಶದ ವಿಮಾನ ಹತ್ತಿದರು ಅಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮಗಳಿಗೋ ಸೊಸೆಗೋ ದಿನ ತುಂಬಿದೆ, ಅಷ್ಟೇ. ಸೂಟ್‌ಕೇಸಿನ ಅರ್ಧ ಭಾಗ ಅಂಟಿನುಂಡೆ, ಬಾಣಂತಿ ಖಾರ, ಹಳೇ ಪಂಚೆ ಹರಿದು ಹೊಲಿದ ಮೆತ್ತನೆ ಬಟ್ಟೆ. ಇನ್ನರ್ಧ ಭಾಗ ಆರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆ, ಸ್ವೆಟರು. ಆರು ತಿಂಗಳು ಯಾಕೆಂದರೆ ಅಮೆರಿಕಕ್ಕೆ ವಿಸಿಟರ್ ವೀಸಾದಲ್ಲಿ ಬಂದವರಿಗೆ ಏರ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಕೊಡುವ ಗಡುವು ಅಷ್ಟು. ಮೊದಲು ಹುಡುಗಿಯ ಅಪ್ಪ ಅಮ್ಮ, ಅವರು ಹೊರಡುವ ವಾರಕ್ಕೆ ಸರಿಯಾಗಿ ಹುಡುಗನ ಅಪ್ಪ ಅಮ್ಮ. ರಿಲೇ ಓಟದ ಹಾಗೆ, ಕೋಲಿನ ಬದಲು ಕೈಯಿಂದ ಕೈಗೆ ಕೂಸು.

ಇದನ್ನು ಬಿಟ್ಟು ಬೇರೆ ಕಾರಣಕ್ಕೂ ವಯಸ್ಸಾದ ದಂಪತಿ ಪರದೇಶಕ್ಕೆ ಹೋಗುತ್ತಾರೆ ಅನ್ನುವುದು ನನಗೆ ತಿಳಿದದ್ದು ಯೂಟಾಕ್ಕೆ ಬಂದ ಮೇಲೆ. ನಾನಿರುವುದು ಲೀಹೈ ಅನ್ನುವ ಊರಲ್ಲಿ, ಸಾಲ್ಟ್ ಲೇಕ್ ಸಿಟಿಗೂ ಪ್ರೋವೋಗೂ ನಡುವೆ. ಹೈವೇ ಪಕ್ಕದಲ್ಲಿ ಸಾಲಾಗಿ ಸಾಫ್ಟ್‌ವೇರ್ ಕಂಪನಿಗಳು, ಹಿಂದೆ ಹಿಮದ ಬೆಟ್ಟ. ಈ ಪಟ್ಟಿಗೆ ಸಿಲಿಕಾನ್ ಸ್ಲೋಪ್ಸ್ ಅಂತ ಹೆಸರು. ಇಲ್ಲಿ ಅಕ್ಕಪಕ್ಕದವರಲ್ಲಿ ಬಹಳ ಜನ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನವರು, ಹಳೇ ರೂಢಿಯ ಹೆಸರಲ್ಲಿ ಹೇಳುವುದಾದರೆ ಮಾರ್ಮನ್ನರು. ಬಿಳಿ ಅಂಗಿ, ಕಪ್ಪು ಹೆಸರಿನ ಪಟ್ಟಿ ಹಾಕಿಕೊಂಡು ಇಬ್ಬಿಬ್ಬರೇ ಓಡಾಡುವ ಇವರ ಹುಡುಗರನ್ನು ನೀವು ನೋಡಿರಬಹುದು. ಆದರೆ ಅದೇ ಕಪ್ಪು ಪಟ್ಟಿ ಹಾಕಿಕೊಂಡ ಅಜ್ಜ ಅಜ್ಜಿಯರೂ ಇದ್ದಾರೆ ಅನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಲೆಕ್ಕಾಚಾರ ಹೀಗೆ. ಮಕ್ಕಳ ಜವಾಬ್ದಾರಿ ಮುಗಿದು ನಿವೃತ್ತರಾದ ದಂಪತಿ ಅರ್ಜಿ ಹಾಕುತ್ತಾರೆ. ಡಾಕ್ಟರು, ದಂತವೈದ್ಯರ ಸರ್ಟಿಫಿಕೇಟು ಬೇಕು. ಇಂಥ ಕಡೆ ಆದರೆ ಒಳ್ಳೆಯದು ಅಂತ ಇಷ್ಟ ಹೇಳಿಕೊಳ್ಳಬಹುದು, ಕಡೆಯ ಮಾತು ಮಾತ್ರ ಚರ್ಚಿನದು. ಅವಧಿ 6 ತಿಂಗಳಿಂದ 23 ತಿಂಗಳವರೆಗೆ. ಸಂಬಳ ಇಲ್ಲ. ಸಂಬಳ ಇಲ್ಲದಿರುವುದು ದೊಡ್ಡ ಮಾತಲ್ಲ, ಖರ್ಚನ್ನು ತಾವೇ ಹಾಕಿಕೊಳ್ಳಬೇಕು. ಬಾಡಿಗೆ, ಊಟ ಎಲ್ಲ ತಮ್ಮ ಪೆನ್ಶನ್ ದುಡ್ಡಲ್ಲಿ. ಪ್ರೋವೋದಲ್ಲಿ ಕೆಲವು ದಿನದ ತರಬೇತಿ, ಆಮೇಲೆ ವಿಮಾನ. ಅಲ್ಲಿಂದ ಮುಂದೆ ಅವರು ಯಾರ ಅಜ್ಜ ಅಜ್ಜಿಯೂ ಅಲ್ಲ. ಅವರು ‘ಎಲ್ಡರ್’, ಇವರು ‘ಸಿಸ್ಟರ್’, ಮುಂದೆ ಮನೆತನದ ಹೆಸರು.

ನಮ್ಮ ಪಕ್ಕದ ಮನೆಯವರು ಹೀಗೆ ಘಾನಾ ದೇಶದ ಆಕ್ರಾಕ್ಕೆ ಹೋಗಿ ಹನ್ನೊಂದು ತಿಂಗಳಾಯಿತು. ಹದಿನೆಂಟು ತಿಂಗಳ ಅವಧಿ, ಇನ್ನು ಏಳು ಬಾಕಿ. ಆತನಿಗೆ 68, ಆಯುಷ್ಯವೆಲ್ಲ ಪ್ಲಂಬಿಂಗ್ ಕೆಲಸ ಮಾಡಿದವರು. ಆಕೆಗೆ 66, ನರ್ಸ್ ಆಗಿದ್ದವರು. ಐದು ಮಕ್ಕಳು, ಹದಿನಾಲ್ಕು ಮೊಮ್ಮಕ್ಕಳು. ನಾವು ಈ ಮನೆಗೆ ಬಂದ ದಿನ ಬಿಸಿ ಬ್ರೆಡ್ಡು ತಂದುಕೊಟ್ಟವರು, ನಾವು ಏಳುವ ಮೊದಲೇ ನಮ್ಮ ಬಾಗಿಲ ಮುಂದಿನ ಹಿಮವನ್ನೂ ಸೇರಿಸಿ ತೆಗೆದು ಹಾಕುತ್ತಿದ್ದವರು. ನಾನು ಅವರನ್ನು ಮನಸ್ಸಲ್ಲಿ ಅಜ್ಜ, ಅಜ್ಜಿ ಅಂತಲೇ ಕರೆಯುವುದು. ಇಲ್ಲೂ ಹಾಗೇ ಕರೀತೀನಿ.

ಹೋಗೋಣ ಅಂತ ಮೊದಲು ಅಂದವರು ಅಜ್ಜ. ಅಜ್ಜಿ ಒಪ್ಪಲು ಮೂರು ತಿಂಗಳು ತಗೊಂಡರಂತೆ. ‘ನೀನು ಬೇಡ ಅಂದರೆ ಇಲ್ಲೇ ಇರೋಣ, ತೋಟಕ್ಕೆ ಹೊಸ ಪೈಪ್ ಎಳೀತೀನಿ’ ಅಂತ ಅಜ್ಜ ಹೇಳಿ, ನಿಜಕ್ಕೂ ಪೈಪ್ ಎಳೆಯೋಕೆ ಶುರು ಮಾಡಿದ್ದರಂತೆ. ಆಕೆ ಹೂಂ ಅಂದದ್ದು ಅದನ್ನು ನೋಡಿದ ಮೇಲೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಕಥೆ ಹೇಳಿದಾಗಲೆಲ್ಲ ಬೆಂಗಳೂರಿನ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ಮತಾಂತರ ಮಾಡೋಕೆ ತಾನೇ ಹೋಗಿರೋದು?’ ಪ್ರಶ್ನೆ ತಪ್ಪಲ್ಲ. ಚರ್ಚಿನ ಉದ್ದೇಶ ಅದೇ, ಅವರು ಮುಚ್ಚಿಟ್ಟಿಲ್ಲ. ಆದರೆ ವಯಸ್ಸಾದ ದಂಪತಿಗಳಿಗೆ ಮನೆಮನೆ ಬಾಗಿಲು ತಟ್ಟುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಅಜ್ಜಿ ವಾರಕ್ಕೊಂದು ಈಮೇಲ್ ಬರೆಯುತ್ತಾರೆ, ಮಕ್ಕಳು ಮೊಮ್ಮಕ್ಕಳ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಅದನ್ನು ಓದಿದರೆ ಮಿಶನರಿ ಬದುಕು ಅಂದರೆ ಬಹುಪಾಲು ಮನೆಗೆಲಸ ಅನ್ನಿಸುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರಿಗೆ ನೀರು ತುಂಬಿಸುವುದು. ಮಲೇರಿಯಾ ಮಾತ್ರೆ. ಕರೆಂಟಿನ ಪ್ರೀಪೇಯ್ಡ್ ಮೀಟರಿನಲ್ಲಿ ಎಷ್ಟು ಯೂನಿಟ್ ಉಳಿದಿದೆ ಅಂತ ನೋಡುವುದು. ಮೊಬೈಲ್ ಕರೆನ್ಸಿ ಹಾಕಿಸಿದ ಹಾಗೆ ಕರೆಂಟನ್ನೂ ಮೊದಲೇ ಕೊಂಡಿಟ್ಟುಕೊಳ್ಳಬೇಕು. ಕೊಂಡರೂ ಬರುತ್ತದೆ ಅಂತ ಗ್ಯಾರಂಟಿ ಇಲ್ಲ. ಘಾನಾದವರು ಕರೆಂಟಿನ ಕಣ್ಣಾಮುಚ್ಚಾಲೆಗೆ ಒಂದು ಹೆಸರೇ ಇಟ್ಟಿದ್ದಾರೆ: ‘ದುಮ್‌ಸೋರ್’. ಆರಿಸು, ಹಚ್ಚು ಅಂತ ಅರ್ಥ. ಅಜ್ಜಿ ಬರೆದಿದ್ದರು, ‘ನಿನ್ನ ಊರಲ್ಲಿ ಇದಕ್ಕೆ ಏನಂತೀರಿ?’ ನಾನು ಬರೆದೆ, ‘ಲೋಡ್ ಶೆಡ್ಡಿಂಗ್. ನಿಮ್ಮವರ ಹೆಸರೇ ಚೆನ್ನಾಗಿದೆ.’

ಆಮೇಲೆ ದಿನದ ಕೆಲಸ. ಹದಿನೆಂಟು, ಇಪ್ಪತ್ತರ ಮಿಶನರಿ ಹುಡುಗರು ಇರುವ ಬಾಡಿಗೆ ಮನೆಗಳನ್ನು ಸುತ್ತುವುದು. ಸೊಳ್ಳೆ ಪರದೆ ಹರಿದಿದೆಯಾ, ನೀರಿನ ಫಿಲ್ಟರ್ ತೊಳೆದಿದ್ದಾರಾ, ಸಿಂಕಿನಲ್ಲಿ ಎಷ್ಟು ದಿನದ ಪಾತ್ರೆ ಇದೆ. ಅಜ್ಜಿ ಜ್ವರ ಬಂದವರನ್ನು ಫೋನಿನಲ್ಲೇ ವಿಚಾರಿಸಿ ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಅಜ್ಜನ ಚೀಲದಲ್ಲಿ ಧರ್ಮಗ್ರಂಥದ ಜೊತೆ ಪೈಪ್ ಪಾನಾ ಇರುತ್ತದೆ, ಯಾವುದು ಹೆಚ್ಚು ಸವೆದಿದೆ ಅಂತ ಕೇಳಬಾರದು. ಸೋರುವ ನಲ್ಲಿ, ಕಟ್ಟಿಕೊಂಡ ಕಮೋಡು, ಮೇಲೇರದ ನೀರು. ಶನಿವಾರ ಬಂತೆಂದರೆ ಎಲ್ಲಾದರೂ ಒಂದು ಸಾವಿನ ಕಾರ್ಯ. ಕಪ್ಪು, ಕೆಂಪು ಬಟ್ಟೆಯಲ್ಲಿ ಊರಿಗೂರೇ ಸೇರುತ್ತದೆ. ಅಲ್ಲಿ ಯಾರಿಗಾದರೂ ಏನಾದರೂ ಕೊಡುವಾಗ ಎಡಗೈ ಚಾಚಬಾರದು ಅಂತ ಅಜ್ಜಿ ಕಲಿತದ್ದನ್ನು ದೊಡ್ಡ ಸಂಶೋಧನೆ ಥರ ಬರೆದಿದ್ದರು. ನಮ್ಮಲ್ಲೂ ಹಾಗೇ ಅಂದೆ, ಬಹಳ ಖುಷಿಪಟ್ಟರು. ಹುಟ್ಟಿದ ವಾರದ ಮೇಲೆ ಹೆಸರಿಡುವುದು ಅಲ್ಲಿನ ಆಕಾನ್ ಜನರ ಪದ್ಧತಿ. ಶುಕ್ರವಾರದ ಗಂಡು ಕೋಫಿ, ಶನಿವಾರದ ಹೆಣ್ಣು ಅಮಾ. ಅಜ್ಜ ಈಗ ಕೋಫಿ, ಅಜ್ಜಿ ಅಮಾ.

ಇಷ್ಟು ಮುದ್ದಾಗಿ ಹೇಳಿ ಮುಗಿಸಿಬಿಟ್ಟರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಈ ಚರ್ಚಿನಲ್ಲಿ 1978ರ ಜೂನ್‌ವರೆಗೆ ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಅಲ್ಲಿ ಹನ್ನೆರಡು ದಾಟಿದ ಪ್ರತಿ ಹುಡುಗನಿಗೂ ಸಿಗುವಂಥದ್ದು ಅದು. ಹೀಗಿರುವಾಗಲೇ ಘಾನಾದ ಕೇಪ್ ಕೋಸ್ಟ್‌ನಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಅನ್ನುವವರು 1964ರಲ್ಲಿ ಈ ಚರ್ಚಿನ ಪುಸ್ತಕಗಳನ್ನು ಓದಿ, ಯಾರೂ ಹೇಳಿಕೊಡದೆ, ತಾವೇ ಸಭೆಗಳನ್ನು ಕಟ್ಟಿಕೊಂಡಿದ್ದರು. ನಮ್ಮಲ್ಲಿಗೆ ಯಾರನ್ನಾದರೂ ಕಳಿಸಿ ಅಂತ ಸಾಲ್ಟ್ ಲೇಕ್‌ಗೆ ಕಾಗದ ಹೋಗುತ್ತಿತ್ತು, ಜನ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ. ಕೊನೆಗೆ ನಿಯಮ ಬದಲಾದ ಮೇಲೆ, ಅದೇ 1978ರ ನವೆಂಬರಿನಲ್ಲಿ, ನೈಜೀರಿಯಾ ಮತ್ತು ಘಾನಾಕ್ಕೆ ಕಳಿಸಿದ್ದು ಇಬ್ಬರು ಹಿರಿಯ ದಂಪತಿಗಳನ್ನು: ರೆಂಡೆಲ್ ಮತ್ತು ರೇಚಲ್ ಮೇಬಿ, ಎಡ್ವಿನ್ ಮತ್ತು ಜಾನತ್ ಕ್ಯಾನನ್. ರೆಂಡೆಲ್ ಮೇಬಿಯವರಿಗೆ ಆಗ ಸುಮಾರು 70. ಡಿಸೆಂಬರಿನಲ್ಲಿ ಅವರು ಕೇಪ್ ಕೋಸ್ಟ್ ತಲುಪುವಾಗ ಅಲ್ಲಿ ಸಭೆಗಳು ಸಿದ್ಧವಾಗಿದ್ದವು. ಹೊಸದನ್ನು ಹೊತ್ತು ತಂದವರು ಇವರು ಅಂತ ಹೇಳುವುದಕ್ಕಿಂತ, ಬಹಳ ತಡವಾಗಿ ಬಂದವರು ಅಂದರೆ ಹೆಚ್ಚು ಸರಿ.

ಇನ್ನೊಂದು ಘಟನೆ. 1989ರ ಜೂನ್ 14ರಂದು ಘಾನಾ ಸರ್ಕಾರ ಈ ಚರ್ಚಿನ ಚಟುವಟಿಕೆಯನ್ನು ನಿಷೇಧಿಸಿತು. ವಿದೇಶಿ ಮಿಶನರಿಗಳು ದೇಶ ಬಿಟ್ಟರು, ಕಟ್ಟಡಗಳಿಗೆ ಬೀಗ ಬಿತ್ತು. 1990ರ ನವೆಂಬರಿನಲ್ಲಿ ನಿಷೇಧ ತೆಗೆದರು. ನಡುವಿನ ಕಾಲವನ್ನು ಅಲ್ಲಿನವರು ‘ಫ್ರೀಜ್’ ಅನ್ನುತ್ತಾರೆ. ಆ ಹದಿನೇಳು ಚಿಲ್ಲರೆ ತಿಂಗಳು ಊರಿನ ಜನ ತಮ್ಮ ತಮ್ಮ ಮನೆಯಲ್ಲೇ ಪ್ರಾರ್ಥನೆ ನಡೆಸಿಕೊಂಡರು, ಬೀಗ ತೆಗೆದ ದಿನ ಅವರೆಲ್ಲ ಅಲ್ಲೇ ಇದ್ದರು. ಗಮನಿಸಿ, ಹೆಚ್ಚುಕಡಿಮೆ ನಮ್ಮ ಅಜ್ಜ ಅಜ್ಜಿಯ ಅವಧಿಯಷ್ಟೇ ಕಾಲ. ಹದಿನೆಂಟು ತಿಂಗಳು ಹೊರಗಿನವರು ಇಲ್ಲದೆಯೂ ನಡೆಯಿತು ಅಂದಮೇಲೆ ಹದಿನೆಂಟು ತಿಂಗಳು ಹೋಗಿ ಇರುವುದರ ಅರ್ಥವೇನು? ಅಜ್ಜನನ್ನೇ ವೀಡಿಯೋ ಕಾಲ್‌ನಲ್ಲಿ ಕೇಳಿದೆ. ‘ನನ್ನ ಜೊತೆ ಒಬ್ಬ ಹುಡುಗ ಪೈಪ್ ಕೆಲಸ ಕಲೀತಿದ್ದಾನೆ’ ಅಂದರು. ‘ಮೊದಲು ದಿನಾ ಫೋನ್ ಮಾಡ್ತಿದ್ದ. ಈಗ ವಾರಕ್ಕೊಂದು ಸಲ. ಬರೋ ಹೊತ್ತಿಗೆ ಮಾಡೋದೇ ಇಲ್ಲ ಅಂತ ಆದರೆ ಬಂದದ್ದು ಸಾರ್ಥಕ.’

ಈಗ ಈ ಕಡೆಯ ಮನೆಗೆ ಬರೋಣ. ಅಜ್ಜಿಯ ಕೊನೇ ಮಗಳು ನಮ್ಮ ರಸ್ತೆಯಲ್ಲೇ ಎದುರು ಸಾಲಿನಲ್ಲಿದ್ದಾಳೆ. ಹೆಚ್ಚುಕಡಿಮೆ ನನ್ನ ವಯಸ್ಸು. ಈ ಜೂನ್‌ನಲ್ಲಿ ಅವಳಿಗೆ ಮೂರನೇ ಮಗು ಆಯಿತು, ದಿನಕ್ಕೆ ಮೊದಲೇ. ಎರಡು ವಾರಕ್ಕೂ ಹೆಚ್ಚು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಮ್ಮ ನರ್ಸು, ಆದರೆ ಏಳು ಸಾವಿರ ಮೈಲಿ ಆಚೆ ಯಾರದೋ ಮಗನ ಜ್ವರ ನೋಡುತ್ತಿದ್ದಾರೆ. ಒಂದು ಸಂಜೆ ಅವಳ ಮನೆಗೆ ಅನ್ನ ಸಾರು ಕೊಟ್ಟು ಬರಲು ಹೋದಾಗ ಅಂದಳು: ‘ಎಲ್ಲರೂ ನನ್ನ ಹತ್ತಿರ ಬಂದು, ನಿಮ್ಮಮ್ಮ ಎಷ್ಟು ದೊಡ್ಡ ತ್ಯಾಗ ಮಾಡಿದ್ದಾರೆ ಅಂತಾರೆ. ತ್ಯಾಗ ಮಾಡ್ತಿರೋದು ನಾನೂ ಅಲ್ವಾ? ನನಗೆ ಯಾರೂ ಬ್ಯಾಡ್ಜ್ ಕೊಟ್ಟಿಲ್ಲ.’

ಇದಕ್ಕೆ ನಮ್ಮಲ್ಲಿ ಗಾದೆ ಸಿದ್ಧವಾಗಿದೆ, ಮನೆಗೆ ಮಾರಿ ಊರಿಗೆ ಉಪಕಾರಿ. ಚಾರ್ಲ್ಸ್ ಡಿಕನ್ಸ್ ತನ್ನ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಇದೇ ಗಾದೆಗೆ ಕೈಕಾಲು ಕೊಟ್ಟು ಮಿಸೆಸ್ ಜೆಲಿಬಿ ಅನ್ನುವ ಪಾತ್ರ ಮಾಡಿದ. ಆಕೆಗೆ ಹಗಲೂ ರಾತ್ರಿ ಆಫ್ರಿಕಾದ ಚಿಂತೆ, ಸ್ವಂತ ಮಕ್ಕಳು ಮೆಟ್ಟಿಲಿಂದ ಉರುಳಿ ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ತುದಿಯಲ್ಲಿ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್. 1972ರ ಅವನ ಪ್ರಸಿದ್ಧ ಪ್ರಬಂಧದ ವಾದ ಇದು: ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಒದ್ದೆಯಾಗುತ್ತೆ ಅಂತ ಯೋಚಿಸದೆ ಇಳಿಯುತ್ತೀಯಲ್ಲ, ಹಾಗಾದರೆ ದೂರದ ದೇಶದಲ್ಲಿ ಸಾಯುತ್ತಿರುವ ಮಗುವಿಗೆ ಅದೇ ನ್ಯಾಯ ಯಾಕಿಲ್ಲ? ಮೈಲಿ ಲೆಕ್ಕದಲ್ಲಿ ನೀತಿ ಬದಲಾಗುವುದಿಲ್ಲ ಅನ್ನುತ್ತಾನೆ ಅವನು. ನಮ್ಮ ಹಿರಿಯರು ಬದಲಾಗುತ್ತೆ ಅನ್ನುತ್ತಾರೆ, ಮನೆ ಗೆದ್ದು ಮಾರು ಗೆಲ್ಲು.

ಹತ್ತಿರದವರಾ, ದೂರದವರಾ? ನಾನೂ ಸಾಕಷ್ಟು ದಿನ ಈ ತಕ್ಕಡಿಯಲ್ಲೇ ತೂಗಿ ನೋಡಿದೆ. ಈಗ ಅನ್ನಿಸುತ್ತಿರುವುದು, ತಕ್ಕಡಿಯೇ ಸರಿಯಿಲ್ಲ. ನಿಜವಾದ ಪ್ರಶ್ನೆ ದೂರದ್ದಲ್ಲ, ಬಿಲ್ಲಿನದು. ಸೇವೆ ಒಬ್ಬರ ಹೆಸರಲ್ಲಿ ನಡೆಯುತ್ತದೆ, ಬಿಲ್ ಇನ್ನೊಬ್ಬರ ಹೆಸರಿಗೆ ಬರುತ್ತದೆ. ಆ ಇನ್ನೊಬ್ಬರನ್ನು ಕೇಳಿದ್ದರಾ?

ಮಿಶನರಿಗಳ ಹಳೇ ಚರಿತ್ರೆಯಲ್ಲಿ ಇದಕ್ಕೊಂದು ಉದಾಹರಣೆ ಇದೆ. ಮಂಗಳೂರು, ಧಾರವಾಡದವರಿಗೆ ಬಾಸೆಲ್ ಮಿಶನ್ ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದವರು, ಕನ್ನಡಕ್ಕೆ 1843ರಲ್ಲಿ ಮೊದಲ ಪತ್ರಿಕೆ ಕೊಟ್ಟವರು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚು ಹಾಕಿದವರು. ಕನ್ನಡಕ್ಕೆ ಕಿಟೆಲ್ ಇದ್ದ ಹಾಗೆ ಮಲಯಾಳಕ್ಕೆ ನಿಘಂಟು ಮಾಡಿಕೊಟ್ಟ ಹರ್ಮನ್ ಗುಂಡರ್ಟ್ ಕೂಡ ಅದೇ ಮಿಶನ್ನಿನವರು. ಗುಂಡರ್ಟ್ ಮತ್ತು ಜೂಲಿ ದಂಪತಿಗೆ 1842ರಲ್ಲಿ ತಲಶ್ಶೇರಿಯಲ್ಲಿ ಮರೀ ಅಂತ ಮಗಳು ಹುಟ್ಟಿದಳು. ಆಗಿನ ಮಿಶನರಿಗಳ ರೂಢಿಯಂತೆ, ಯೂರೋಪಿಗೆ ಹೋದವರು ಭಾರತಕ್ಕೆ ಮರಳುವಾಗ ನಾಲ್ಕು ವರ್ಷದ ಮರೀಯನ್ನು ಅಲ್ಲೇ ಬಿಟ್ಟು ಬಂದರು. ಮುಂದೆ ಅವಳು ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದಳು. ನಮಗೆ ನಿಘಂಟುಗಳು ಸಿಕ್ಕವು, ಅದರ ಮೇಲೆ ಗೌರವವೂ ಇದೆ. ಆದರೆ ಮಲಯಾಳದ ಆ ನಿಘಂಟಿನ ಬಿಲ್ಲಿನಲ್ಲಿ ಒಂದು ಕಂತು ಕಟ್ಟಿದ್ದು ನಾಲ್ಕು ವರ್ಷದ ಹುಡುಗಿ. ಅವಳನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ.

ಅಜ್ಜಿಯ ಮಗಳ ವಯಸ್ಸು ನಾಲ್ಕಲ್ಲ. ಅವಳನ್ನು ಕೇಳಬಹುದಿತ್ತು. ಒಂದು ರಾತ್ರಿ ಅಜ್ಜಿಯೇ ಈ ವಿಷಯ ಎತ್ತಿದರು. ‘ದೇವರನ್ನು ಕೇಳಿದೆ. ಇವರು ನನ್ನನ್ನು ಕೇಳಿದರು. ಮಕ್ಕಳಿಗೆ ಮಾತ್ರ ತಿಳಿಸಿದೆವು.’ ಸ್ವಲ್ಪ ಹೊತ್ತು ಬಿಟ್ಟು, ‘ಕೇಳೋದು ಬೇರೆ, ತಿಳಿಸೋದು ಬೇರೆ, ಅಲ್ವಾ?’ ಅಂದರು.

ಮಗು ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಅವರು ಮಗಳನ್ನು ಕೇಳಿದ್ದೂ ಉಂಟು. ಇಂಥ ಕಷ್ಟಕ್ಕೆ ತಮ್ಮ ಖರ್ಚಿನಲ್ಲಿ ಕೆಲವು ದಿನ ಊರಿಗೆ ಬಂದು ಹೋಗಲು ಅವಕಾಶ ಇದೆ. ‘ಬರಲಾ?’ ಅಂತ ಫೋನ್ ಮಾಡಿದರು. ಮಗಳು ಬೇಡ ಅಂದಳು. ಯಾಕೆ ಬೇಡ ಅಂದೆ ಅಂತ ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು: ‘ಬಾ ಅಂದರೆ ಅಮ್ಮನ ಮಿಶನ್ ಅರ್ಧಕ್ಕೆ ನಿಲ್ಲಿಸಿದವಳು ನಾನಾಗ್ತೀನಿ. ಇಡೀ ವಾರ್ಡ್ ಅವರನ್ನು ಬೀಳ್ಕೊಟ್ಟಿದೆ. ಹಾಗೆ ಕೇಳಿದರೆ ಏನು ಹೇಳೋಕಾಗುತ್ತೆ?’ ವಾರ್ಡ್ ಅಂದರೆ ಇಲ್ಲಿನ ಚರ್ಚಿನ ಸ್ಥಳೀಯ ಸಭೆ.

ಆವತ್ತಿಂದ ನನ್ನ ತಲೆ ಕೊರೆಯುತ್ತಿರುವುದು ಇದೇ. ಕೇಳಿದರೆ ಸಾಲದು. ಎರಡೂ ಉತ್ತರಕ್ಕೆ ಜಾಗ ಇರುವ ಹಾಗೆ ಕೇಳಬೇಕು. ಅಜ್ಜ ತೋಟಕ್ಕೆ ಪೈಪ್ ಎಳೆಯಲು ಶುರು ಮಾಡಿದರಲ್ಲ, ಅದು ಅಜ್ಜಿಯ ‘ಇಲ್ಲ’ಕ್ಕೆ ಮಾಡಿಟ್ಟ ಜಾಗ. ಅದನ್ನು ಕಂಡಿದ್ದರಿಂದಲೇ ಆಕೆಯ ಹೂಂ ನಿಜವಾದ ಹೂಂ ಆಯಿತು. ಮಗಳಿಗೆ ಅಂಥ ಜಾಗ ಸಿಗಲಿಲ್ಲ.

ಈಗ ನಮ್ಮ ರಿಲೇ ಓಟಕ್ಕೆ ಬರುತ್ತೇನೆ. ಮನುಸ್ಮೃತಿಯ ಆರನೇ ಅಧ್ಯಾಯದಲ್ಲಿ ವಾನಪ್ರಸ್ಥಕ್ಕೆ ಹೊರಡುವ ಗುರುತು ಹೇಳಿದೆ: ಚರ್ಮ ಸುಕ್ಕಾಗಿ, ಕೂದಲು ಹಣ್ಣಾಗಿ, ಮಕ್ಕಳ ಮಕ್ಕಳನ್ನು ಕಂಡಾಗ ಗೃಹಸ್ಥ ಕಾಡಿಗೆ ಹೋಗಬೇಕು. ಮೊಮ್ಮಗು ಹುಟ್ಟಿತು ಅಂದರೆ ಮನೆಯ ಕೆಲಸ ಮುಗಿಯಿತು ಅಂತ ಲೆಕ್ಕ. ನಮ್ಮ ಕಾಲದಲ್ಲಿ ಮೊಮ್ಮಗು ಹುಟ್ಟಿತು ಅಂದರೆ ನ್ಯೂ ಜೆರ್ಸಿಗೆ ಹೋಗಬೇಕು, ಕೆಲಸ ಅಲ್ಲಿಂದ ಶುರು. ನಮ್ಮವರು ಲೆಕ್ಕ ಹಾಕಿದ ಮೂರು ಋಣಗಳಲ್ಲೂ, ಅಂದರೆ ದೇವಋಣ, ಋಷಿಋಣ, ಪಿತೃಋಣಗಳಲ್ಲಿ, ಬೆಳೆದ ಮಕ್ಕಳಿಗೆ ತೀರಿಸಬೇಕಾದ ಋಣ ಅಂತ ಒಂದಿಲ್ಲ. ಆದರೂ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ ವಸೂಲಿಯಾಗುವ ಋಣ ಅದೊಂದೇ.

ಇಲ್ಲಿನ ಕನ್ನಡದ ಗೆಳೆಯರ ಮನೆಗಳಲ್ಲಿ ನೋಡುತ್ತೇನಲ್ಲ. ಬಂದ ಅಪ್ಪ ಅಮ್ಮಂದಿರು ಖುಷಿಯಾಗಿಯೇ ಬಂದಿರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಮಗುವಿಗೆ ಎಣ್ಣೆ ನೀರು ಹಾಕುವಾಗಿನ ಅವರ ಮುಖ ನೋಡಬೇಕು. ಆದರೆ ಜನವರಿಯ ಮಧ್ಯಾಹ್ನ ಹೊರಗೆ ಮೊಣಕಾಲುದ್ದ ಹಿಮ, ಕಾರು ಓಡಿಸಲು ಬರುವುದಿಲ್ಲ, ಮಾತಾಡೋಣ ಅಂದರೆ ತುಮಕೂರಿನ ತಂಗಿಗೆ ನಡುರಾತ್ರಿ. ಅಪ್ಪ ಕಾಸ್ಟ್‌ಕೋದಲ್ಲಿ ಒಂದು ಸುತ್ತು ಹೆಚ್ಚಿಗೆ ನಡೆದು ಅದನ್ನೇ ವಾಕಿಂಗ್ ಅಂದುಕೊಳ್ಳುತ್ತಾರೆ. ನಿಮಗೆ ಬರೋಕೆ ಇಷ್ಟ ಇತ್ತಾ ಅಂತ ಇವರನ್ನು ಯಾರೂ ಕೇಳಿರುವುದಿಲ್ಲ. ಕೇಳುವ ಅಗತ್ಯ ಇದೆ ಅಂತ ಇವರಿಗೂ ಅನ್ನಿಸಿರುವುದಿಲ್ಲ. ‘ನಾವು ಹೋಗದೆ ಇನ್ಯಾರು ಹೋಗ್ತಾರೆ’ ಅನ್ನುವುದೊಂದೇ ಮಾತು. ಘಾನಾಕ್ಕೆ ಹೋದ ಅಜ್ಜಿಗೆ ಅರ್ಜಿ ಇತ್ತು, ಅವಧಿ ಇತ್ತು, ಮೂರು ತಿಂಗಳು ಯೋಚಿಸುವ ಸಮಯ ಇತ್ತು. ನಮ್ಮ ಅಮ್ಮಂದಿರಿಗೆ ಇರುವುದು ವೀಸಾದ ಗಡುವೊಂದೇ.

ನೀವು ಹೇಳಬಹುದು, ಮನೆಯವರ ನಡುವೆ ಎಂಥ ಕೇಳೋದು, ಇದೆಲ್ಲ ಅಮೆರಿಕದಲ್ಲಿದ್ದು ಕಲಿತ ಬುದ್ಧಿ ಅಂತ. ಪ್ರೀತಿ ಇರುವಲ್ಲಿ ಅನುಮತಿ ಯಾಕೆ? ಈ ಮಾತಿಗೆ ತೂಕ ಇದೆ. ಪ್ರತಿಯೊಂದಕ್ಕೂ ‘ನಿಮಗೆ ಪರವಾಗಿಲ್ವಾ’ ಅಂತ ಕೇಳಿಕೊಂಡು ಕೂರುವ ಮನೆ ಆಫೀಸಿನ ಥರ ಆಗುತ್ತದೆ. ಆದರೆ ಕೇಳುವುದು ನಮ್ಮದಲ್ಲ ಅನ್ನುವುದನ್ನು ಒಪ್ಪಲಾರೆ. ಸ್ವಂತ ಅಕ್ಕನೇ ಆದರೂ ಮಗನ ಮದುವೆಗೆ ಕರೆಯುವಾಗ ಮನೆಗೆ ಹೋಗಿ ಕುಂಕುಮ ಕೊಟ್ಟೇ ಕರೀತೀವಿ. ಬರುತ್ತಾಳೆ ಅಂತ ಗೊತ್ತಿದ್ದೂ ಕರೀತೀವಿ. ಸರಿಯಾಗಿ ಕರೆಯಲಿಲ್ಲ ಅಂತ ಹತ್ತು ವರ್ಷ ಮಾತು ಬಿಟ್ಟವರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಿನ್ನ ಬರುವಿಕೆ ನಿನ್ನದು, ನನ್ನ ಹಕ್ಕಲ್ಲ ಅಂತ ತೋರಿಸಿಕೊಡುವ ಕ್ರಮ ಅದು. ಒಂದು ದಿನದ ಊಟಕ್ಕೆ ಅಷ್ಟು ಮರ್ಯಾದೆ ಇಟ್ಟುಕೊಂಡವರು ಆರು ತಿಂಗಳ ಆಯುಷ್ಯಕ್ಕೆ ಟಿಕೆಟ್ ಬುಕ್ ಮಾಡಿ ಪಿಡಿಎಫ್ ಕಳಿಸಿ ಸುಮ್ಮನಾಗುತ್ತೇವೆ.

ಇದೆಲ್ಲ ನನಗೆ ಬರೀ ತತ್ವದ ಪ್ರಶ್ನೆಯಾಗಿ ಉಳಿದಿಲ್ಲ. ನನಗೀಗ ಐದನೇ ತಿಂಗಳು. ಫೆಬ್ರವರಿ ಕೊನೆಗೆ ದಿನ ಕೊಟ್ಟಿದ್ದಾರೆ. ಅಮ್ಮ ತಿಪಟೂರಿನಲ್ಲಿದ್ದಾಳೆ, ಗಣಿತದ ಮೇಡಂ ಆಗಿ ನಿವೃತ್ತಿಯಾದವಳು. ಈಗ ದಿನಾ ಸಂಜೆ ನಾಲ್ಕಕ್ಕೆ ಮನೆ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಹೋಗಿ, ಗಣಿತದಲ್ಲಿ ಫೇಲಾಗುವ ಹಾಗಿರುವ ಹತ್ತನೇ ಕ್ಲಾಸಿನ ಇಪ್ಪತ್ಮೂರು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಾಳೆ. ದುಡ್ಡಿಲ್ಲ, ಬ್ಯಾಡ್ಜೂ ಇಲ್ಲ. ಹೋದ ವಾರ ಫೋನಿನಲ್ಲಿ ಬೇರೇನೋ ಮಾತಾಡುತ್ತಾ ಅಂದಳು, ‘ಬರ್ತೀನಿ ಕಣೇ, ನಾನ್ ಬರ್ದೆ ಇನ್ಯಾರ್ ಬರ್ತಾರೆ.’ ನಾನಿನ್ನೂ ಬಾ ಅಂದೇ ಇರಲಿಲ್ಲ. ಆಮೇಲೆ ಒಂದು ಕ್ಷಣ ಬಿಟ್ಟು, ‘ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ನಲ್ಲಿ ಅಲ್ವೇನೇ’ ಅಂದಳು. ದೂರು ಅಲ್ಲ ಅದು. ಲೆಕ್ಕದ ಮೇಡಂ ತಿಂಗಳು ಎಣಿಸಿದ್ದಳು, ಅಷ್ಟೇ.

ಇಲ್ಲಿ ಹತ್ತಿರ ಯಾವುದು, ದೂರ ಯಾವುದು ಹೇಳಿ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹೆಚ್ಚುಕಡಿಮೆ ಅರ್ಧ ದಿನ ಹಿಂದಿನ ದೇಶದಲ್ಲಿದ್ದಾಳೆ. ಯಾರದೋ ಇಪ್ಪತ್ಮೂರು ಮಕ್ಕಳು ಐದು ನಿಮಿಷದ ನಡಿಗೆಯಲ್ಲಿದ್ದಾರೆ. ಮನೆ ಗೆದ್ದು ಮಾರು ಗೆಲ್ಲು ಅಂದರೆ ಅವಳು ಮೊದಲು ಯಾವ ಕಡೆ ಹೆಜ್ಜೆ ಹಾಕಬೇಕು? ನಾನು ಬಾ ಅಂದರೆ ಅಮ್ಮ ಬರುತ್ತಾಳೆ. ಬಿಲ್ ಆ ಮಕ್ಕಳ ಹೆಸರಿಗೆ ಹೋಗುತ್ತದೆ. ಅವರನ್ನು ಯಾರು ಕೇಳುತ್ತಾರೆ?

ಅಮ್ಮ ಬರಬಾರದು ಅಂತ ನಾನು ಹೇಳುತ್ತಿಲ್ಲ. ಬರಲಿ ಅಂತ ಎಷ್ಟು ಆಸೆ ಇದೆ ಅಂದರೆ, ಈಗಲೂ ರಾತ್ರಿ ವಾಂತಿಯಾದಾಗ ನೆನಪಾಗುವುದು ಅವಳ ಕೈ, ಡಾಕ್ಟರಲ್ಲ. ಆದರೆ ಆ ಆಸೆ ನನ್ನದು. ಅವಳ ಮೇಲೆ ಹೊರಿಸುವ ಮೊದಲು ಅದನ್ನು ನಾನು ಸ್ವಲ್ಪ ದೂರ ಹೊರಬಲ್ಲೆನಾ ಅಂತ ನೋಡಬೇಕು. ಘಾನಾದವರ ಫ್ರೀಜ್ ನನಗೆ ಕಲಿಸಿದ್ದು ಇದನ್ನೇ. ಯಾರಿಲ್ಲದೆ ನಡೆಯುವುದೇ ಇಲ್ಲವೋ ಅವರನ್ನು ಕರೆಯೋಕಾಗಲ್ಲ, ಹಿಡಿದು ಎಳೆದುಕೊಂಡು ಬರಬಹುದು ಅಷ್ಟೇ. ಅವರಿಲ್ಲದೆಯೂ ಹೇಗೋ ನಡೆಯುತ್ತೆ ಅಂತ ಆದಮೇಲೆಯೇ ಕರೆಯುವುದಕ್ಕೆ ಕರೆ ಅನ್ನುವ ಅರ್ಥ ಬರುತ್ತದೆ.

ಹಾಗಾಗಿ ನಾನೂ ಇವರೂ ಪೈಪ್ ಎಳೆಯೋಕೆ ಶುರು ಮಾಡಿದ್ದೇವೆ. ಇವರು ಆಫೀಸಿನಲ್ಲಿ ರಜೆ ಎಷ್ಟು ಸಿಗುತ್ತೆ, ಅದನ್ನು ಎರಡು ಕಂತಾಗಿ ತಗೋಬಹುದಾ ಅಂತ ವಿಚಾರಿಸಿದ್ದಾರೆ. ಬೆಳಗಿನ ನಾಲ್ಕು ಗಂಟೆ ಬಂದು ಬಾಣಂತಿ ಮಗುವನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿನ ಜೊತೆ ಮಾತಾಡಿದ್ದೇವೆ, ದುಬಾರಿ, ಆದರೆ ಆಗದೇ ಇರುವಷ್ಟಲ್ಲ. ಎದುರು ಸಾಲಿನ ಮನೆಯವಳು, ಮೂರು ಹೆತ್ತವಳು, ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡು ಅಂದಿದ್ದಾಳೆ. ನಾನು ಸಾರಿನ ಪುಡಿಯನ್ನೂ ಮಾಡಿ ಇಟ್ಟುಕೊಂಡಿದ್ದೇನೆ, ಅಮ್ಮ ಮಾಡಿದ ಹಾಗೆ ಬಂದಿಲ್ಲ.

ಇದಿಷ್ಟೂ ಕೈಗೂಡಿದ ಮೇಲೆ ಅಮ್ಮನಿಗೆ ಫೋನ್ ಮಾಡುತ್ತೇನೆ. ಫೆಬ್ರವರಿಗೆ ಬರ್ತೀಯಾ, ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ಗೆ ಬರ್ತೀಯಾ, ಇಲ್ಲ ಮ್ಯಾಂಗೋ ಸೀಸನ್ ಅಂತ ನಾವೇ ಕೂಸನ್ನು ಎತ್ತಿಕೊಂಡು ಅಲ್ಲಿಗೆ ಬರೋಣವಾ ಅಂತ ಮೂರೂ ದಾರಿ ಮುಂದಿಟ್ಟು ಕೇಳುತ್ತೇನೆ. ನಮ್ಮ ರಜೆಯ ವಿಷಯ, ಆ ಹೆಂಗಸಿನ ವಿಷಯ, ಸಾರಿನ ಪುಡಿಯ ವಿಷಯ ಮೊದಲೇ ಹೇಳುತ್ತೇನೆ, ಯಾವ ಉತ್ತರ ಕೊಟ್ಟರೂ ನಾವು ಬೀಳುವುದಿಲ್ಲ ಅಂತ ಅವಳಿಗೆ ಗೊತ್ತಿರಬೇಕು. ಅವಳು ತಕ್ಷಣ ‘ಅದೆಲ್ಲ ಏನೂ ಬೇಡ, ಬರ್ತೀನಿ’ ಅನ್ನುತ್ತಾಳೆ, ನನಗೆ ಗೊತ್ತು. ಆಗ ನಾನು ಹೇಳಬೇಕಾದ್ದು ಒಂದೇ: ‘ಈಗ್ಲೇ ಹೇಳ್ಬೇಡ ಅಮ್ಮ. ಒಂದ್ ವಾರ ಪಾಠ ಮಾಡ್ತಾ ಯೋಚ್ನೆ ಮಾಡಿ ಹೇಳು.’